ನೋಡದೆ ಬರೆದ ಅಳತೆ

ಪವರ್ ಪ್ರೆಸ್ಸಿಗೆ ಕೈ ಸಿಕ್ಕಾಗ ಬೇರೆ ಸದ್ದೇನೂ ಬರುವುದಿಲ್ಲ. ತಗಡು ಕತ್ತರಿಸುವಾಗ ಬರುವ ಸದ್ದೇ ಬರುತ್ತದೆ. ಪಕ್ಕದ ಮೆಷಿನ್ನಿನವರು ತಲೆ ಎತ್ತಿ ಕೂಡ ನೋಡುವುದಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ಕೂಗು ಕೇಳಿಸುತ್ತದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ನಾನು ಅದನ್ನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಆ ಪ್ರೆಸ್ಸನ್ನು ಸಿದ್ಧ ಮಾಡಿಕೊಟ್ಟವನು ನಾನಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಕಾಮಾಕ್ಷಿಪಾಳ್ಯದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ನಾನು ಡೈ ಸೆಟ್ಟರ್. ಐದು ಪ್ರೆಸ್ಸುಗಳಿವೆ, ಐದರಲ್ಲೂ ಹೆಂಗಸರೇ ಕೆಲಸ ಮಾಡುವುದು. ತಗಡನ್ನು ಆಕಾರಕ್ಕೆ ತರುವ ಅಚ್ಚಿಗೆ ನಾವು ಡೈ ಅನ್ನುತ್ತೇವೆ. ಅದನ್ನು ಪ್ರೆಸ್ಸಿಗೆ ಕೂರಿಸುವುದು, ಬ್ರೇಕು ಬಿಗಿಯಾಗಿದೆಯೇ ನೋಡುವುದು, ಕೈಗೆ ಕಾವಲಾಗಿರುವ ಮುಂದಿನ ಜಾಲರಿ ನೋಡುವುದು, ತಗಡಿಲ್ಲದೆ ನಾಲ್ಕು ಸಲ ಖಾಲಿ ಹೊಡೆಸುವುದು, ಆಮೇಲೆ ‘ಹಾಕಮ್ಮ’ ಅನ್ನುವುದು ನನ್ನ ಕೆಲಸ. ನಾನು ಹಾಕಮ್ಮ ಅಂದರೆ ಆಕೆ ಕೂತು ಶುರು ಮಾಡುತ್ತಾಳೆ. ಸಂಜೆಯೊಳಗೆ ಸಾವಿರಾರು ಸಲ ಪ್ರೆಸ್ಸಿನ ಬಾಯೊಳಗೆ ಕೈ ಇಟ್ಟು ತೆಗೆಯುತ್ತಾಳೆ. ಪೆಡಲ್ ಒಂದು ಸಲ ತುಳಿದರೆ ಮೇಲಿನ ಭಾರ ಒಂದೇ ಸಲ ಇಳಿದು, ಮೇಲೆ ಹೋಗಿ ನಿಲ್ಲಬೇಕು. ಬ್ರೇಕು ಸಡಿಲವಾಗಿದ್ದರೆ ನಿಲ್ಲುವುದಿಲ್ಲ. ಯಾರೂ ತುಳಿಯದೆ ಇನ್ನೊಂದು ಸಲ ಇಳಿಯುತ್ತದೆ. ಡಬಲ್ ಹೊಡೆಯಿತು ಅನ್ನುತ್ತೇವೆ. ಕೈ ಹೋಗುವುದು ಆ ಎರಡನೇ ಏಟಿಗೆ.

ನನ್ನ ಹೆಂಡತಿ ತೀರಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ. ಅವಳು ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಿದ್ದಳು. ಹೊಲಿಯುತ್ತಿದ್ದವಳು ಎದ್ದು ಬಂದು, “ಯಾಕೋ ದವಡೆ ಹಿಡ್ಕೊಂಡಂಗಿದೆ ರೀ. ಎಡಗೈನೂ ಜೋಮು” ಅಂದಳು.

“ಗ್ಯಾಸು ಕಣೇ. ಬೆಳಿಗ್ಗೆಯಿಂದ ಏನ್ ತಿಂದಿದೀಯ ನೀನು?” ಅಂದೆ.

ಮೂಲೆ ಅಂಗಡಿಯಿಂದ ಸೋಡಾ ತಂದುಕೊಟ್ಟೆ. ಕುಡಿದಳು. ತೇಗಿದಳು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. “ಹೂಂ, ಕಮ್ಮಿ ಆಯ್ತು. ನೀವು ಮಲಕ್ಕೊಳಿ” ಅಂದಳು. ನಾನು ಮಲಗಿದೆ. ಐದು ಗಂಟೆಗೆ ಎದ್ದಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಟೀ ಮಾಡೇ ಅಂತ ಎರಡು ಸಲ ಕರೆದೆ.

ಶಿವಗಣಾರಾಧನೆ ಮುಗಿದ ಮರುದಿನವೇ ಕೆಲಸಕ್ಕೆ ಹೋದೆ. ಮನೆಯಲ್ಲಿದ್ದು ಮಾಡುವುದೇನು ಅಂತ ಎಲ್ಲರೂ ಹೇಳಿದರು, ನಾನೂ ಹೇಳಿಕೊಂಡೆ. ನಾಲ್ಕನೇ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಲಗ್ಗೆರೆಯಿಂದ ಬರುತ್ತಾಳೆ. ಒಂಬತ್ತು ವರ್ಷದಿಂದ ನನ್ನ ಜೊತೆ ಇದ್ದವಳು, ಬಾಯಿ ಜೋರು. ಅವತ್ತು ಎರಡು ಡಬ್ಬಿ ತಂದಿದ್ದಳು. “ಅಣ್ಣ, ಉಪ್ಪು ಹೆಚ್ಚಾಗಿದ್ರೆ ಹೇಳ್ಬೇಡಿ. ನಮ್ಮನೆಯವ್ರು ಹೇಳಿ ಹೇಳಿ ಸಾಕಾಗಿದೆ” ಅಂದು ಒಂದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಆಮೇಲೆ ಒಂದು ತಿಂಗಳು ಹಾಗೇ ತಂದಳು.

ಕೆಲಸದ ನಡುವೆ ನಾನು ಮೊದಲ ಸಲ ಮೈಮರೆತದ್ದು ಎರಡನೇ ಪ್ರೆಸ್ಸಿನಲ್ಲಿ. ಡೈ ಬಿಚ್ಚುವ ಮೊದಲು ಮೋಟರ್ ಆಫ್ ಮಾಡಿ, ದೊಡ್ಡ ಚಕ್ರ ಪೂರಾ ನಿಲ್ಲುವ ತನಕ ಕಾಯಬೇಕು. ಮೇಲಿನ ಭಾರ ಇಳಿಯದಂತೆ ಮರದ ದಿಮ್ಮಿ ಕೊಡಬೇಕು. ಆಮೇಲೆ ಕೈ ಒಳಗೆ. ಇದನ್ನು ನಾನು ಯೋಚಿಸಿ ಮಾಡುವುದಿಲ್ಲ, ಕೈಯೇ ಮಾಡುತ್ತದೆ. ಅವತ್ತು ನೋಡಿಕೊಂಡಾಗ ನನ್ನ ಕೈ ಮೊಣಕೈ ತನಕ ಒಳಗಿತ್ತು. ದಿಮ್ಮಿ ಪಕ್ಕದಲ್ಲಿ ಬಿದ್ದಿತ್ತು. ಚಕ್ರ ತಿರುಗುತ್ತಿತ್ತು. ನಾನು ಯಾವಾಗ ಕೈ ಇಟ್ಟೆ, ಎಷ್ಟು ಹೊತ್ತು ಹಾಗೆ ನಿಂತಿದ್ದೆ, ಗೊತ್ತಾಗಲಿಲ್ಲ. ಮೆಲ್ಲಗೆ ಕೈ ತೆಗೆದೆ. ಯಾರೂ ನೋಡಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಅದೇ ವಾರ ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವನು ಮನೆ ದಾಟಿ ಸುಮನಹಳ್ಳಿ ತನಕ ನಡೆದುಹೋಗಿದ್ದೆ. ಮಗಳ ಫೋನ್ ಬಂದಾಗಲೇ ಎಚ್ಚರವಾಗಿದ್ದು. ಅವಳು ಬಿ.ಕಾಂ. ಕೊನೆಯ ವರ್ಷ. ಅವ್ವನ ಹಾಗೇ ಹೆಚ್ಚು ಮಾತಾಡುವವಳಲ್ಲ.

“ಅಪ್ಪ, ವಿಜಯನಗರದಲ್ಲಿ ಒಂದು ಕೌನ್ಸೆಲಿಂಗ್ ಸೆಂಟರ್ ಇದೆ. ಶನಿವಾರ ಬರ್ತೀಯಾ?”

“ನಂಗೆ ಹುಚ್ಚು ಹಿಡಿದಿದೆಯೇನೆ?”

“ಹಿಡೀದೆ ಇರ್ಲಿ ಅಂತಾನೇ.”

ಅಲ್ಲಿಗೆ ಹೋಗುವವರು ಏನನ್ನು ಎದುರುನೋಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಾನು ಅಂದುಕೊಂಡಿದ್ದು, ಹಿರಿಯರೊಬ್ಬರು ಕೂತಿರುತ್ತಾರೆ, ಹುಟ್ಟಿದವರೆಲ್ಲ ಸಾಯಲೇಬೇಕು ಅಂತ ಧೈರ್ಯ ಹೇಳುತ್ತಾರೆ ಅಂತ. ಪುಸ್ತಕದಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಕೋಣೆ. ಮೂವತ್ತೈದು ದಾಟದ ಒಬ್ಬ ಮೇಡಂ. ನಡುವೆ ಮೇಜು ಕೂಡ ಇಲ್ಲ.

“ಹೇಳಿ ಸಾರ್, ಹೇಗಿದೀರಾ?”

“ಚೆನ್ನಾಗಿದೀನಿ ಮೇಡಂ. ನೀವು?”

ಆಕೆಗೆ ನಗು ಬಂತು, ತಡೆದುಕೊಂಡರು. ಮೊದಲು ಒಂದು ಮಾತು ಹೇಳಿದರು. ಈ ಕೋಣೆಯಲ್ಲಿ ಆಡಿದ್ದು ಆಚೆ ಹೋಗುವುದಿಲ್ಲ. ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದೆ ಅಂತ ತಿಳಿದರೆ ಮಾತ್ರ ಸಂಬಂಧಪಟ್ಟವರಿಗೆ ಹೇಳಬೇಕಾಗುತ್ತದೆ. ನಾನು ತಲೆ ಆಡಿಸಿದೆ. ಪ್ರೆಸ್ಸಿನ ವಿಷಯ ಇಲ್ಲಿ ಎತ್ತಬಾರದು ಅಂತ ಆ ಕ್ಷಣವೇ ನಿರ್ಧಾರ ಮಾಡಿದೆ. ಡೈ ಕೂರಿಸುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಮೊದಲ ಕೆಲವು ವಾರ ಬರೀ ಮಾತು. ನಿಜವಾಗಿ ಹೇಳಬೇಕೆಂದರೆ ಬರೀ ಕೇಳುವುದು. ಅವರು ಬುದ್ಧಿ ಹೇಳುವುದಿಲ್ಲ. ಸಮಾಧಾನವನ್ನೂ ಹೇಳುವುದಿಲ್ಲ. ನಾನು ಸುಮ್ಮನಾದರೆ ಅವರೂ ಸುಮ್ಮನಿರುತ್ತಾರೆ. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಯಾರೂ ಸುಮ್ಮನೆ ಕೂರುವುದಿಲ್ಲ, ಏನಾದರೂ ಹೇಳಿಯೇ ಹೋಗುತ್ತಾರೆ. ಈ ಸುಮ್ಮನಿರುವಿಕೆ ನನಗೆ ಕಷ್ಟವಾಯಿತು. ಬಾವಿಯ ಅಂಚಿನಲ್ಲಿ ಕೂರಿಸಿ ಬಗ್ಗಿ ನೋಡು ಅಂದ ಹಾಗೆ. ನಾನು ಬಗ್ಗಲಿಲ್ಲ. ಮಗಳ ಓದಿನ ವಿಷಯ, ಮನೆ ಮಾಲೀಕರ ವಿಷಯ ಮಾತಾಡಿದೆ.

ಪ್ರತಿ ವಾರ ಕೊನೆಗೆ ಒಂದು ಪ್ರಶ್ನೆ. ಸೊನ್ನೆಯಿಂದ ಹತ್ತರೊಳಗೆ ಈ ವಾರ ನೋವು ಎಷ್ಟಿತ್ತು? ಮೊದಲ ವಾರ ಒಂಬತ್ತು ಅಂದೆ. ಎರಡನೇ ವಾರವೂ ಒಂಬತ್ತೇ ಇತ್ತು. ಆದರೆ ಆಕೆ ಒಂದು ಗಂಟೆ ನನ್ನೆದುರು ಕೂತಿದ್ದಾರೆ, ನೀರು ಕೊಟ್ಟಿದ್ದಾರೆ. ಮತ್ತೆ ಒಂಬತ್ತು ಅಂದರೆ ಅವರ ಶ್ರಮಕ್ಕೆ ಬೆಲೆ ಇಲ್ಲ ಅಂದ ಹಾಗಾಗುತ್ತದೆ ಅನ್ನಿಸಿತು. ಎಂಟು ಅಂದೆ. ಮುಂದಿನ ವಾರ ಏಳು. “ಕಮ್ಮಿ ಆಗ್ತಾ ಇದೆ ಮೇಡಂ” ಅಂದೆ. ಅವರ ಮುಖ ಅರಳಿತು. ಅದನ್ನು ನೋಡಿ ನನಗೂ ಸಮಾಧಾನವಾಯಿತು.

ಆಮೇಲೆ ಇನ್ನೊಂದು ಬಗೆ ಶುರು ಮಾಡಿದರು. ಒಂದು ಹಾಳೆ, ಐದು ಕಾಲಂ. ಏನಾಯಿತು, ಆಗ ಮನಸ್ಸಿಗೆ ಬಂದ ಯೋಚನೆ ಏನು, ಅದರಿಂದ ಹೇಗನ್ನಿಸಿತು, ಆ ಯೋಚನೆ ನಿಜ ಅನ್ನುವುದಕ್ಕೆ ಸಾಕ್ಷಿ ಏನು, ನಿಜವಲ್ಲ ಅನ್ನುವುದಕ್ಕೆ ಸಾಕ್ಷಿ ಏನು. ದಿನಕ್ಕೊಂದು ಹಾಳೆ ಮನೆಯಲ್ಲಿ ತುಂಬಿಸಿ ತರಬೇಕು. ನಮ್ಮ ತಲೆಯಲ್ಲಿ ತಾನಾಗಿ ಓಡುವ ಯೋಚನೆಗಳನ್ನು ಹಿಡಿದು ನಿಲ್ಲಿಸಿ, ಅವು ಎಷ್ಟು ಸರಿ ಅಂತ ನಾವೇ ತೂಗಿ ನೋಡುವುದು ಈ ಬಗೆಯ ಉದ್ದೇಶ ಅಂದರು. ತುಂಬ ಜನಕ್ಕೆ ಇದರಿಂದ ಒಳ್ಳೆಯದಾಗಿದೆ. ನಿಜವನ್ನು ಬರೆದವರಿಗೆ ಆಗಿರಬೇಕು.

ನಮ್ಮ ಶಾಪಿನಲ್ಲೂ ಇಂಥ ಹಾಳೆ ಇದೆ. ಗಂಟೆಗೊಂದು ಪೀಸ್ ತೆಗೆದು ಅಳೆದು ಅಳತೆ ಬರೆಯಬೇಕು. ಬೆಳಿಗ್ಗೆ ಪ್ರತಿ ಪ್ರೆಸ್ಸಿನ ಬ್ರೇಕು, ಜಾಲರಿ ನೋಡಿ ಟಿಕ್ ಹಾಕಬೇಕು. ಆದರೆ ಕೆಲಸದ ಗಡಿಬಿಡಿಯಲ್ಲಿ ಯಾರು ಅಳೆಯುತ್ತಾರೆ? ಸಂಜೆ ಟೀ ಕುಡಿಯುತ್ತಾ ಎಲ್ಲ ಕಾಲಂ ಒಟ್ಟಿಗೆ ತುಂಬುತ್ತೇವೆ. ಎಷ್ಟಿರಬೇಕೋ ಅದರ ಆಸುಪಾಸಿನಲ್ಲಿ, ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ. ಎಲ್ಲ ಒಂದೇ ಬರೆದರೆ ಅನುಮಾನ ಬರುತ್ತದೆ ಅನ್ನುವುದೂ ಗೊತ್ತು. ಈ ವಿದ್ಯೆಯನ್ನು ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಮೇಡಂ ಕೊಟ್ಟ ಏಳು ಹಾಳೆಯನ್ನೂ ಶುಕ್ರವಾರ ಸಂಜೆ ಒಂದೇ ಏಟಿಗೆ ತುಂಬಿದೆ. ‘ಅವಳ ಸೀರೆ ನೋಡಿದೆ. ಒಬ್ಬನೇ ಆದೆ ಅನ್ನಿಸಿತು. ಬೇಜಾರು. ಆದರೆ ಮಗಳಿದ್ದಾಳೆ.’ ಒಂದು ಹಾಳೆಯಲ್ಲಿ ಬೇಜಾರು ಆರು, ಇನ್ನೊಂದರಲ್ಲಿ ಐದು, ಮಧ್ಯೆ ಒಂದು ಏಳು. ಗ್ಯಾಸ್ ಅಂದ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ.

ಮೇಡಂ ಹಾಳೆಗಳನ್ನು ತಿರುವಿ, “ಇಷ್ಟು ನೀಟಾಗಿ ಯಾರೂ ಬರ್ಕೊಂಡು ಬರಲ್ಲ ಸಾರ್” ಅಂದರು. ಹೊಗಳಿದರೋ, ಬೇರೇನಾದರೂ ಅಂದರೋ ಈಗಲೂ ಗೊತ್ತಿಲ್ಲ.

ಶಾಪಿನಲ್ಲಿ ಆ ಹೊತ್ತಿಗೆ ವಾರಕ್ಕೆರಡು ಸಲ ಹಾಗೆ ಮೈಮರೆಯುತ್ತಿದ್ದೆ. ಸ್ಪ್ಯಾನರ್ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ. ಎದುರಿಗೆ ಡೈ ಕೂತಿರುತ್ತಿತ್ತು. ಬೋಲ್ಟುಗಳನ್ನು ಬಿಗಿ ಮಾಡಿದವನು ನಾನೇ ಇರಬೇಕು. ಯಾವಾಗ ಮಾಡಿದೆ ಅಂತ ನೆನಪಿರುತ್ತಿರಲಿಲ್ಲ. ಬ್ರೇಕು ನೋಡಿದೆನೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಎದುರಿಗೆ ನಿಂತವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಅಣ್ಣ, ಹಾಕ್ಲಾ?” ಅನ್ನುತ್ತಿದ್ದಳು. ಇನ್ನೊಂದು ಸಲ ನೋಡುತ್ತೇನೆ ತಾಳು ಅಂದರೆ, ಯಾಕೆ ಅಂತ ಕೇಳುತ್ತಾಳೆ. ಹಾಕಮ್ಮ ಅನ್ನುತ್ತಿದ್ದೆ. ಆಮೇಲೆ ಅವಳ ಪೆಡಲಿನ ಸದ್ದಿಗೆ ಕಿವಿ ಕೊಟ್ಟು ಸಂಜೆ ತನಕ ಕೂತಿರುತ್ತಿದ್ದೆ. ಒಂದು, ಒಂದು, ಒಂದು.

ನಿದ್ದೆ ಬರುವುದಿಲ್ಲ ಅಂತ ಮಗಳು ಹೇಳಿದ್ದರಿಂದ ಮೇಡಂ ಆರ್‌ಪಿಸಿ ಲೇಔಟಿನ ಒಬ್ಬ ಮನೋವೈದ್ಯರ ಹತ್ತಿರ ಕಳಿಸಿದರು. ಇದೂ ನನಗೆ ಗೊತ್ತಿರಲಿಲ್ಲ. ಮಾತಾಡಿಸುವವರು ಬೇರೆ, ಮಾತ್ರೆ ಕೊಡುವವರು ಬೇರೆ. ಡಾಕ್ಟರು ಹತ್ತು ನಿಮಿಷದಲ್ಲಿ ಮುಗಿಸಿದರು. ಆದರೆ ಕೇಳಬೇಕಾದ್ದನ್ನು ಕೇಳಿದರು.

“ಏನ್ ಕೆಲಸ?”

“ಸೂಪರ್‌ವೈಸರ್ ಸಾರ್.”

“ಮೆಷಿನ್ ಮುಟ್ಟಲ್ಲ ತಾನೇ? ಮೊದಮೊದಲು ಮಂಪರು ಬರುತ್ತೆ ಇದರಲ್ಲಿ.”

“ಇಲ್ಲ ಸಾರ್, ಬರೀ ನೋಡ್ಕೊಳ್ಳೋದು.”

ಚೀಟಿ ಬರೆದುಕೊಟ್ಟರು. ನಾನು ಆ ಮಾತ್ರೆ ನುಂಗಿದೆ. ನಿದ್ದೆ ಬಂತು. ಬೆಳಿಗ್ಗೆ ಪ್ರೆಸ್ಸಿನ ಮುಂದೆ ನಿಂತಾಗಲೂ ಅದರ ಬಾಲ ಉಳಿದಿರುತ್ತಿತ್ತು. ನುಂಗದೆ ಬಿಟ್ಟರೆ ಇಡೀ ರಾತ್ರಿ ಎಚ್ಚರ. ಬಿಟ್ಟ ದಿನ ಹೆಚ್ಚು ಅಪಾಯವೋ, ನುಂಗಿದ ದಿನವೋ ಅಂತ ಲೆಕ್ಕ ಹಾಕುತ್ತಿದ್ದೆ. ಡಾಕ್ಟರನ್ನು ಕೇಳಿದ್ದರೆ ಬೇರೆ ಮಾತ್ರೆ ಬರೆಯುತ್ತಿದ್ದರೇನೋ. ಕೇಳಬೇಕಾದರೆ ಮೊದಲು ಹೇಳಿದ್ದು ಸುಳ್ಳು ಅನ್ನಬೇಕಿತ್ತು.

ಬಸವೇಶ್ವರನಗರದಲ್ಲಿ ಒಂದು ಗುಂಪು ಸೇರುತ್ತದೆ, ಹೋಗಿ ಬನ್ನಿ ಅಂತ ಮೇಡಮ್ಮೇ ಹೇಳಿದರು. ಮನೆಯವರನ್ನು ಕಳೆದುಕೊಂಡವರೇ ಅಲ್ಲಿಗೆ ಬರುವುದು. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಮಾತಾಡಲೇಬೇಕೆಂದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬುದ್ಧಿ ಹೇಳಬಾರದು. ಅವರ ದುಃಖ ದೊಡ್ಡದೋ ನನ್ನದೋ ಅಂತ ಹೋಲಿಸಬಾರದು. ನಾನು ಮೂರು ಸಲ ಹೋದೆ, ಮೂರು ಸಲವೂ ಮಾತಾಡಲಿಲ್ಲ. ಟೀ ಹೊತ್ತಿಗೆ ಒಬ್ಬ ನಿವೃತ್ತ ಮೇಷ್ಟ್ರು ಹತ್ತಿರ ಬಂದು ಕೂತರು. ಅವರೂ ಹೆಂಡತಿ ಕಳೆದುಕೊಂಡವರು.

“ಏನ್ರೀ, ನೀವು ಬರೀ ಬಿಸ್ಕತ್ತಿಗೆ ಬರ್ತೀರಾ ಹೆಂಗೆ?”

“ಹಂಗೇನಿಲ್ಲ ಸಾರ್. ಕೇಳ್ತಾ ಇರ್ತೀನಿ.”

“ನಾನೂ ಹಿಂಗೇ ಇದ್ದೆ. ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ದೆ. ಒಂದಿನ ಹಗಲು ಹೊತ್ನಲ್ಲೇ ಸ್ಕೂಟರ್ ಸಮೇತ ಮೋರಿಗೆ ಹೋದೆ. ಎದುರಿಗೆ ಅಷ್ಟು ದೊಡ್ಡ ಮೋರಿ, ಕಾಣ್ಲೇ ಇಲ್ಲ ಕಣ್ರೀ. ಅದೇ ನನ್ನ ಮೊದಲ್ನೇ ಕೌನ್ಸೆಲಿಂಗು.” ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. “ನಿಮ್ಮ ಮೋರಿ ಎಲ್ಲಿದೆ?”

ಅವರ ಕಣ್ಣು ತಪ್ಪಿಸಲು ನಾನು ಕಪ್ಪು ಇಡುವ ನೆಪದಲ್ಲಿ ಎದ್ದೆ. ನನ್ನ ಮೋರಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಅದರಲ್ಲಿ ಬೀಳುವವನು ನಾನಾಗಿರಲಿಲ್ಲ. ಮತ್ತೆ ಆ ಗುಂಪಿಗೆ ಹೋಗಲಿಲ್ಲ.

ಮೇಡಂ ಒಂದು ಶನಿವಾರ ನನ್ನೆದುರು ಖಾಲಿ ಕುರ್ಚಿ ಹಾಕಿದರು. ಅದರಲ್ಲಿ ನಿಮ್ಮ ಮನೆಯವರು ಕೂತಿದ್ದಾರೆ ಅಂದುಕೊಳ್ಳಿ, ಹೇಳದೆ ಉಳಿದದ್ದನ್ನು ಅವರಿಗೇ ಹೇಳಿ, ಬೇಕಾದರೆ ಹೆಸರು ಹಿಡಿದು ಕರೆಯಿರಿ ಅಂದರು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಕೇಳಿಸ್ತಾ’ ಅನ್ನುತ್ತಿದ್ದೆ, ಅವಳು ಬರುತ್ತಿದ್ದಳು. ಬಹಳ ಹೊತ್ತು ಆ ಕುರ್ಚಿಯನ್ನು ನೋಡಿದೆ.

“ಖಾಲಿ ಇದೆ ಮೇಡಂ.”

“ಹೌದು ಸಾರ್, ಖಾಲಿನೇ. ಅದಕ್ಕೇ ಕಷ್ಟ.”

“ಕೇಳಿಸ್ತಾ,” ಅಂದೆ. ಆಮೇಲೆ ಬಂದದ್ದು ಒಂದೇ ಮಾತು. “ಸಿಲಿಂಡರ್ ಬುಕ್ ಮಾಡಿದೀನಿ.”

ಮೇಡಂ ನಗಲಿಲ್ಲ. ಇಂಥ ಪದ್ಧತಿ ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗದಿದ್ದರೆ ಅದು ನಿಮ್ಮ ತಪ್ಪಲ್ಲ ಅಂದು ಕುರ್ಚಿಯನ್ನು ಗೋಡೆಗೆ ಸರಿಸಿದರು. ಆ ವಾರ ಎಷ್ಟು ಅಂತ ಕೇಳಿದಾಗ ಐದು ಅಂದೆ.

ಕೊನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಬಹಳ ದಿನ ಕಳೆದರೂ ಸಡಿಲವಾಗದ ದುಃಖಕ್ಕೆ ಹೀಗೆ ಮಾಡುತ್ತಾರಂತೆ. ಕಣ್ಣು ಮುಚ್ಚಿ, ಅವತ್ತಿನ ದಿನವನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಮೊದಲಿಂದ ಕೊನೆ ತನಕ ಹೇಳಬೇಕು. ನನ್ನದೇ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು, ಮನೆಗೆ ಹೋಗಿ ದಿನಾ ಕೇಳಬೇಕು. ಮೊದಲು ಜಾಸ್ತಿಯಾಗುತ್ತದೆ, ಆಮೇಲೆ ಇಳಿಯುತ್ತದೆ, ಜಾಸ್ತಿಯಾದರೆ ನನಗೆ ಹೇಳಲೇಬೇಕು ಅಂತ ಮೇಡಂ ಎರಡೆರಡು ಸಲ ಹೇಳಿದರು. ನಾನು ಹೇಳಿದೆ. ಅವಳು ಹೊಲಿಯುತ್ತಿದ್ದಾಳೆ. ಎದ್ದು ಬರುತ್ತಾಳೆ. ಸುಸ್ತು ಅನ್ನುತ್ತಾಳೆ. ಮಲಗುತ್ತಾಳೆ. ನಾನೂ ಮಲಗುತ್ತೇನೆ.

ಬೆಳಿಗ್ಗೆ ನಡೆದುಕೊಂಡು ಕೆಲಸಕ್ಕೆ ಹೋಗುವಾಗ ಇಯರ್‌ಫೋನ್ ಹಾಕಿ ಕೇಳುತ್ತಿದ್ದೆ. ನನ್ನದೇ ದನಿ ನನಗೇ ಸುಳ್ಳು ಹೇಳುತ್ತಿತ್ತು. ‘ಎದ್ದು ಬರುತ್ತಾಳೆ’ ಅಂದ ಮೇಲೆ ಒಂದು ಜಾಗವಿದೆ. ಅಲ್ಲಿ ಮಾತಿಲ್ಲ. ಕೋಣೆಯ ಫ್ಯಾನಿನ ಸದ್ದು, ಆಮೇಲೆ ನನ್ನ ಒಂದು ಉಸಿರು, ಆಮೇಲೆ ‘ಸುಸ್ತು ಅನ್ನುತ್ತಾಳೆ’. ಆ ಜಾಗ ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ ಅನ್ನಿಸುತ್ತಿತ್ತು. ಶಾಪಿನಲ್ಲಿ ನಾನು ಕಳೆದುಹೋಗುವಾಗಲೆಲ್ಲ ಅಲ್ಲಿಗೇ ಹೋಗುತ್ತಿದ್ದೆ ಅಂತ ಈಗ ತಿಳಿಯುತ್ತದೆ. ಮುಂದಿನ ಶನಿವಾರ ಜಾಸ್ತಿಯಾಯಿತಾ ಅಂತ ಕೇಳಿದರು. ಇಲ್ಲ ಮೇಡಂ, ನಾಲ್ಕು ಅಂದೆ.

ಅದರ ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾಲ್ಕನೇ ಪ್ರೆಸ್ಸಿನ ಡೈ ಬದಲಿಸಬೇಕಿತ್ತು. ಹಳೆಯದನ್ನು ಬಿಚ್ಚಿದ್ದು ನೆನಪಿದೆ. ಆಮೇಲೆ ಲಗ್ಗೆರೆಯ ಆ ಹೆಣ್ಣುಮಗಳು ನನ್ನ ಮುಂದೆ ಕೈ ಆಡಿಸುತ್ತಿದ್ದುದು ನೆನಪಿದೆ.

“ಅಣ್ಣ, ಎಲ್ಲೋದ್ರಿ? ಹಾಕ್ಲಾ?”

ಹೊಸ ಡೈ ಕೂತಿತ್ತು. ಬ್ರೇಕಿನ ಬೋಲ್ಟ್ ಪ್ರೆಸ್ಸಿನ ಆ ಪಕ್ಕದಲ್ಲಿದೆ, ಹೋಗಿ ಮುಟ್ಟಿ ನೋಡಲು ನಾಲ್ಕು ಹೆಜ್ಜೆ. “ಹಾಕಮ್ಮ,” ಅಂದೆ.

“ಅತ್ತಿಗೆ ಇದ್ದಿದ್ರೆ ಬೈತಿದ್ರು ನಿಮ್ಗೆ, ನಿಂತ್ಕೊಂಡೇ ನಿದ್ದೆ ಮಾಡೋದು ಕಲ್ತಿದೀರಾ ಅಂತ,” ಅಂದು ಕೂತಳು. ಅವತ್ತು ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ದುಕೊಂಡಿದ್ದಳಂತೆ. ಬಟ್ಟೆ ಸುತ್ತಿಕೊಂಡಿದ್ದಳು. ಅದಕ್ಕೇ ಕೈಯಲ್ಲಿ ಇಕ್ಕಳ ಹಿಡಿದಿದ್ದಳು. ಇಕ್ಕಳದಲ್ಲಿ ತಗಡು ಇಟ್ಟರೆ ಕೆಲಸ ನಿಧಾನ, ನಮ್ಮಲ್ಲಿ ಯಾರೂ ಇಕ್ಕಳ ಹಿಡಿಯುವುದಿಲ್ಲ.

ನಾನು ಮೇಜಿಗೆ ಬಂದು ಹಾಳೆ ತೆಗೆದು ನಾಲ್ಕನೇ ಪ್ರೆಸ್ಸಿನ ಎದುರು ಬ್ರೇಕು ಟಿಕ್ ಹಾಕಿದೆ, ಜಾಲರಿ ಟಿಕ್ ಹಾಕಿದೆ. ಸದ್ದು ಕೇಳುತ್ತಿತ್ತು. ಒಂದು, ಒಂದು, ಒಂದು. ಎದ್ದು ಹೋಗಿ ನಿಲ್ಲಿಸಲೇ ಅಂತ ಯೋಚಿಸುತ್ತಲೇ ಇದ್ದೆ. ನಿಲ್ಲಿಸಿದರೆ ಏನು ಕಾರಣ ಹೇಳುವುದು ಅಂತ ಯೋಚಿಸುತ್ತಿದ್ದೆ. ಆಗ ಎರಡು ಕೇಳಿತು, ಒಂದರ ಬೆನ್ನಿಗೆ ಒಂದು.

ನಾನು ಕೂಗಿಗಾಗಿ ಕಾದೆ. ಉಸಿರು ಬಿಗಿಹಿಡಿದು, ಪೆನ್ನು ಹಾಳೆಯ ಮೇಲಿಟ್ಟುಕೊಂಡೇ ಕಾದೆ. ಎದ್ದು ಓಡಲಿಲ್ಲ. ಇದನ್ನು ಬರೆಯುವಾಗ ಕೂಡ ನಾಚಿಕೆಯಾಗುತ್ತದೆ.

ಕೂಗು ಬರಲಿಲ್ಲ. ತಿರುಗಿ ನೋಡಿದರೆ ಆಕೆ ಇಕ್ಕಳವನ್ನು ಎತ್ತಿ ಹಿಡಿದಿದ್ದಳು. ಅದರ ಮೂತಿ ಹಾಳೆಯಷ್ಟು ತೆಳ್ಳಗಾಗಿತ್ತು. ಪಕ್ಕದವಳು, “ಏ, ಚಪಾತಿ ಆಯ್ತಲ್ಲೇ ನಿನ್ ಇಕ್ಳ!” ಅಂದಳು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ನಗುತ್ತಾ ನಗುತ್ತಾ ನೆಲದ ಮೇಲೆ ಕೂತುಬಿಟ್ಟಳು. ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

“ಅಣ್ಣ, ಬ್ರೇಕ್ ನೋಡಿದ್ರಿ ತಾನೇ?”

“ನೋಡ್ದೆ ಕಣಮ್ಮ. ಸ್ಪ್ರಿಂಗ್ ಹಳೇದಾಗಿರ್ಬೇಕು.”

“ಹೂಂ, ನೀವ್ ನೋಡ್ದೆ ಇರ್ತೀರಾ,” ಅಂದಳು.

ಶನಿವಾರ ಮೇಡಂ ಎದುರು ಕೂತಾಗ ಅವರು ಹೇಗಿದೀರಾ ಅಂತ ಕೇಳುವ ಮೊದಲೇ ಶುರು ಮಾಡಿದೆ. ಇಲ್ಲಿ ತನಕ ಹೇಳಿದ ನಂಬರೆಲ್ಲ ಸುಳ್ಳು ಅಂದೆ. ಹಾಳೆಗಳೂ ಸುಳ್ಳು. ರೆಕಾರ್ಡ್ ಮಾಡಿದ್ದರಲ್ಲಿ ನಡುವಿನ ಮಾತು ಬಿಟ್ಟಿದ್ದೇನೆ. ದವಡೆ ಹಿಡಿದಿದೆ ಅಂದಳು, ಕೈ ಜೋಮು ಅಂದಳು, ನಾನು ಗ್ಯಾಸ್ ಅಂದೆ. ಆಮೇಲೆ ಗುರುವಾರದ್ದು ಹೇಳಿದೆ. ಆರು ತಿಂಗಳಿಂದ ಮುಚ್ಚಿಟ್ಟದ್ದಕ್ಕೆ ಕಾಲು ಗಂಟೆ ಕೂಡ ಹಿಡಿಯಲಿಲ್ಲ.

ಅಳು ಬರುತ್ತದೆ, ಹಗುರಾಗುತ್ತದೆ ಅಂತ ಕೇಳಿದ್ದೆ. ಹಾಗೇನೂ ಆಗಲಿಲ್ಲ. ಒಳಗೆ ತಣ್ಣಗಾಯಿತು ಅಷ್ಟೇ. ಮೇಡಂ ನಿಮ್ಮ ತಪ್ಪೇನೂ ಇಲ್ಲ ಅನ್ನಲಿಲ್ಲ. “ಗ್ಯಾಸ್ ಅಂದ್ರಲ್ಲ, ಅದರ ಬಗ್ಗೆ ನಾವು ತುಂಬ ಮಾತಾಡೋದಿದೆ. ಬಹುಶಃ ಎಲ್ಲಾ ಮೊದಲಿಂದ. ಇವತ್ತು ಬೇಡ,” ಅಂದರು. ಪೆನ್ನು ಕೆಳಗಿಟ್ಟರು. “ಸೋಮವಾರ ಡೈ ಕೂರಿಸ್ತೀರಾ?”

ನಾನು ಅವರು ಕೆಳಗಿಟ್ಟ ಪೆನ್ನನ್ನೇ ನೋಡುತ್ತಾ ಕೂತೆ.

“ನಿಮ್ಮ ಓನರ್‌ಗೆ ನೀವು ಫೋನ್ ಮಾಡ್ತೀರಾ ಸಾರ್, ನಾನು ಮಾಡ್ಲಾ? ಇಬ್ಬರಲ್ಲಿ ಒಬ್ಬರು ಮಾಡ್ಲೇಬೇಕು. ಡಾಕ್ಟರ್‌ಗೂ ಮೆಷಿನ್ ವಿಷಯ ಹೇಳ್ಬೇಕು.”

ನಾನೇ ಮಾಡಿದೆ. ಆಕೆಯ ಎದುರಿಗೇ, ಸ್ಪೀಕರ್ ಹಾಕದೆ. ಓನರ್ ಒಳ್ಳೆಯ ಮನುಷ್ಯ. ಪೂರಾ ಕೇಳಿ, “ಆಯ್ತು ಬಿಡಿ, ಕೈ ಹೋಗ್ಲಿಲ್ವಲ್ಲ. ಎರಡು ತಿಂಗಳು ಪ್ಯಾಕಿಂಗ್ ನೋಡ್ಕೊಳ್ಳಿ, ಬೇರೆ ಸೆಟ್ಟರ್‌ನ ಕರೆಸ್ತೀನಿ” ಅಂದರು. ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು. “ಹೆಂಗಸ್ರ ಹತ್ರ ಏನೂ ಹೇಳಕ್ಕೋಗ್ಬೇಡಿ. ಸುಮ್ನೆ ಹೆದರ್ಕೋತಾರೆ.”

ಭಾನುವಾರವಿಡೀ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೆ. ಬಹಳ ಅನುಕೂಲದ ಮಾತು ಅದು. ನಾನು ಇನ್ನು ಪ್ರೆಸ್ ಮುಟ್ಟುವುದಿಲ್ಲ. ಅಪಾಯ ಕಳೆಯಿತು. ಯಾರಿಗೂ ಏನೂ ಗೊತ್ತಾಗುವುದು ಬೇಡ. ಗುರುವಾರ ಆದದ್ದನ್ನೂ ಓನರ್ ಅಂದದ್ದನ್ನೂ ಮಗಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, “ಆ ಆಂಟಿ ಒಂದು ತಿಂಗಳು ಊಟ ಕಳಿಸಿದ್ರು ಅಲ್ವಾ ಅಪ್ಪ?” ಅಂದಳು.

ಸೋಮವಾರ ಬೆಳಿಗ್ಗೆ ಪ್ರೆಸ್ ಶುರುವಾಗುವ ಮೊದಲು ಆಕೆಯ ಹತ್ತಿರ ಹೋದೆ. ಹೊಸ ಸೆಟ್ಟರ್ ಇನ್ನೂ ಬಂದಿರಲಿಲ್ಲ.

“ಅವತ್ತು ಬ್ರೇಕ್ ನೋಡಿರ್ಲಿಲ್ಲ ಕಣಮ್ಮ ನಾನು.”

ಆಕೆ ನಗುತ್ತಲೇ ತಿರುಗಿದಳು, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು. ನನ್ನ ಮುಖ ನೋಡಿ ನಗು ನಿಂತಿತು.

“ನೋಡಿದೆ ಅಂದ್ರಲ್ಲ?”

“ಸುಳ್ಳು ಹೇಳ್ದೆ.”

“ಅವತ್ತೊಂದಿನಾನಾ?”

“ಅಲ್ಲ.”

“ಎಷ್ಟು ದಿನದಿಂದ?”

“ನಿಮ್ಮತ್ತಿಗೆ ಹೋದಾಗಿಂದ.”

ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತ ಕಾದೆ. ಆಕೆ ಪ್ರೆಸ್ಸನ್ನು ನೋಡಿದಳು, ನನ್ನನ್ನು ನೋಡಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಣ್ಣ ಅನ್ನದೆ ಮಾತಾಡಿದಳು.

“ನಂಗೊಬ್ಬಳಿಗೇ ಯಾಕೆ ಹೇಳ್ತಿದೀರಾ? ಅವ್ರೆಲ್ಲ ಕೈ ಇಡಲ್ವಾ?”

ನಾನು ಉತ್ತರ ಕೊಡುವ ಮೊದಲೇ ಉಳಿದವರನ್ನು ಕೂಗಿ ಕರೆದಳು. ನಾಲ್ವರೂ ಬಂದರು. ಒಬ್ಬಳು, “ಏನಕ್ಕಾ, ಅಣ್ಣ ಸ್ವೀಟ್ ಕೊಡಿಸ್ತಾರಾ? ಮಗಳಿಗೆ ಗಂಡು ಗೊತ್ತಾಯ್ತಾ?” ಅಂದಳು. ಅವಳು ಎಲ್ಲರಿಗಿಂತ ಚಿಕ್ಕವಳು, ಕೆಲಸಕ್ಕೆ ಸೇರಿ ಇನ್ನೂ ನಾಲ್ಕು ತಿಂಗಳು. ಅವಳಿಗೆ ಪ್ರೆಸ್ಸಿನಲ್ಲಿ ಕೈ ಹೇಗೆ ಇಡಬೇಕು ಅಂತ ಹೇಳಿಕೊಟ್ಟವನು ನಾನೇ. ಭಯ ಬೇಡ, ನಾನು ನೋಡಿದ್ದೀನಿ, ಹಾಕಮ್ಮ ಅಂತ ಹೇಳಿಕೊಟ್ಟಿದ್ದೆ.

“ಹೇಳಿ,” ಅಂದಳು ಲಗ್ಗೆರೆಯವಳು.

ನಾನು ಮೊದಲಿಂದ ಹೇಳತೊಡಗಿದೆ. ಏನನ್ನೂ ಬಿಡಲಿಲ್ಲ. ಯಾವ ಪ್ರೆಸ್ಸು, ಎಷ್ಟು ಸಲ ಅಂತ ನೆನಪಿದ್ದಷ್ಟನ್ನು ಹೇಳಿದೆ. ನೆನಪಿಲ್ಲದ್ದೇ ಹೆಚ್ಚು ಅಂತಲೂ ಹೇಳಿದೆ. ನಾನು ಸ್ವೀಟ್ ಕೇಳಿದ ಹುಡುಗಿಯ ಪ್ರೆಸ್ಸಿನ ವಿಷಯಕ್ಕೆ ಬಂದಾಗ, ಅವಳು ನನ್ನ ಮುಖವನ್ನೇ ನೋಡುತ್ತಾ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡಳು.